ಅಣ್ಣನಿಗೆ ಹುಲಿ, ತಂಗಿಗೆ ಮಲ್ಲಿಗೆ

ಡಲ್ಲಾಸ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗನಿಗೆ 16. ಸ್ಕೌಟ್ಸ್‌ನಲ್ಲಿ ಇನ್ನೇನು ಈಗಲ್, ಅಂದರೆ ಅಲ್ಲಿನ ಅತಿ ಎತ್ತರದ ದರ್ಜೆ, ಆಗುತ್ತಾನೆ. ಈಗ 11ರ ಮಗಳೂ ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಹುಡುಗಿಯರಿಗೆ ಗರ್ಲ್ ಸ್ಕೌಟ್ಸ್ ಇದೆಯಲ್ಲ? ಹುಡುಗರಿಗೆ ಅಂತ ಇದ್ದ ಒಂದು ಜಾಗವನ್ನೂ ಬಿಡಬಾರದಾ? ರಾತ್ರಿ ಕ್ಯಾಂಪಿನ ವಿಷಯ ಬೇರೆ. ಬಾಯ್ ಸ್ಕೌಟ್ಸ್ ಅನ್ನುವ ಹೆಸರಿನಿಂದ 'ಬಾಯ್' ಅನ್ನುವುದನ್ನೂ ತೆಗೆದುಹಾಕಿದ್ದಾರೆ. ಇದೆಲ್ಲ ನಿಮಗೆ ಸರಿ ಅನಿಸುತ್ತದಾ?"

ಸರಿ ಅನಿಸುತ್ತದೆ.

ಹುಡುಗರು ಹುಡುಗರೇ ಸೇರಿದಾಗ ಇರುವ ಸಲಿಗೆ ಬೇರೆ, ಒಪ್ಪುತ್ತೇನೆ. ಆದರೆ ಅದನ್ನು ಯಾರೂ ಕಿತ್ತುಕೊಂಡಿಲ್ಲ. 2019ರ ಫೆಬ್ರವರಿಯಲ್ಲಿ ಈ ವಯಸ್ಸಿನ ಹುಡುಗಿಯರನ್ನು ಸೇರಿಸಿಕೊಂಡಾಗ ಅವರಿಗೆ ಅವರದೇ ಟ್ರೂಪ್, ಅಂದರೆ ತಂಡ, ಮಾಡಿದರು. ನಿಮ್ಮ ಮಗನ ಟ್ರೂಪ್ ಅವನದೇ. ಗರ್ಲ್ ಸ್ಕೌಟ್ಸ್ 1912ರಿಂದ ಇದೆ, ಒಳ್ಳೆಯ ಸಂಸ್ಥೆ. ಆದರೆ ನಿಮ್ಮ ಮಗಳು ಕೇಳುತ್ತಿರುವುದು ಅದನ್ನಲ್ಲ. ಅಣ್ಣ ಟೆಂಟ್ ಹೊತ್ತು ಹೋಗುವುದನ್ನು, ಕೆಸರು ಮೆತ್ತಿದ ಬೂಟಿನಲ್ಲಿ ವಾಪಸ್ ಬರುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದಾಳೆ. ಅವನು ಹತ್ತುತ್ತಿರುವ ಆ ಏಣಿಯೇ ಬೇಕು ಅವಳಿಗೆ. ಒಂದೊಂದು ವಿಷಯ ಕಲಿತದ್ದಕ್ಕೆ ಒಂದೊಂದರಂತೆ 21 ಮೆರಿಟ್ ಬ್ಯಾಡ್ಜ್, ಕೊನೆಗೆ ಊರಿಗೆ ಉಪಯೋಗವಾಗುವ ಒಂದು ಕೆಲಸ. 2021ರಲ್ಲಿ ಮೊದಲ ಸಲ ಈಗಲ್ ಆದ ಹುಡುಗಿಯರು ಸುಮಾರು 1000. ಯಾರೂ ಅವರಿಗೆ ಮೆಟ್ಟಿಲು ತಗ್ಗಿಸಿ ಕೊಟ್ಟಿರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿ ಗೈಡ್ ಆಗಿದ್ದೆ. ಹುಡುಗರ ಪೆಟ್ರೋಲ್‌ಗಳ, ಅಂದರೆ ಟ್ರೂಪಿನೊಳಗಿನ ಸಣ್ಣ ಗುಂಪುಗಳ, ಹೆಸರು ಹುಲಿ, ಚಿರತೆ. ನಮ್ಮದು ಮಲ್ಲಿಗೆ, ಸೇವಂತಿಗೆ. ಒಂದು ಕ್ಯಾಂಪಿನಲ್ಲಿ ಹುಡುಗರಿಗೆ ಬಿದಿರು, ಹಗ್ಗ ಕೊಟ್ಟು ಗೋಪುರ ಕಟ್ಟಿ ಅಂದರು. ನಮಗೆ ರಂಗೋಲಿ ಪುಡಿ ಕೊಟ್ಟು ಟೆಂಟ್ ಮುಂದೆ ಅಲಂಕಾರ ಮಾಡಿ ಅಂದರು. ಪಕ್ಕದಲ್ಲೇ ಮೇಷ್ಟ್ರು ಕ್ಲೋವ್ ಹಿಚ್ ಅನ್ನುವ ಗಂಟು ಹೇಳಿಕೊಡುತ್ತಿದ್ದರು. ಹಗ್ಗವನ್ನು ಗಳಕ್ಕೆ ಒಂದು ಸುತ್ತು ಸುತ್ತಿ, ಅದರ ಮೇಲೆ ಅಡ್ಡ ಹಾಯಿಸಿ, ಇನ್ನೊಂದು ಸುತ್ತು ತಂದು, ತುದಿಯನ್ನು ಆ ಅಡ್ಡ ಎಳೆಯ ಕೆಳಗೆ ತೂರಿಸಬೇಕು. ಎಳೆದಷ್ಟೂ ಬಿಗಿ. ಹುಲಿ ಪೆಟ್ರೋಲಿನ ಹುಡುಗನಿಗೆ ಎಷ್ಟು ಸಲ ಮಾಡಿದರೂ ಬಿಚ್ಚಿಹೋಗುತ್ತಿತ್ತು. ನನಗೋ ಅದು ದಿನಾ ಸಂಜೆ ನಮ್ಮ ಎಮ್ಮೆಯನ್ನು ಗೂಟಕ್ಕೆ ಕಟ್ಟುವ ಗಂಟು! "ನಾನು ಹಾಕ್ತೀನಿ ಸಾರ್" ಅಂದೆ. "ನೀನು ರಂಗೋಲಿ ಮುಗಿಸಮ್ಮ" ಅಂದರು. ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳಿದರು. 40 ವರ್ಷ ಕಳೆದರೂ ಆ ಮಾತು ಹೋಗಿಲ್ಲ.

ಇದು ಇವತ್ತಿನ ಜಗಳವೂ ಅಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್‌ಗಳ ದೊಡ್ಡ ಮೇಳ ನಡೆಯಿತು. ಅಲ್ಲಿಗೆ ಒಂದಷ್ಟು ಹುಡುಗಿಯರು ಕರೆಯದೇ ಬಂದು, ನಾವೂ ಸ್ಕೌಟ್ಸ್ ಅಂದರು. ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್ ಮರುವರ್ಷವೇ ಗೈಡ್ಸ್ ಅಂತ ಬೇರೆ ಮಾಡಿ ತಂಗಿ ಆಗ್ನೆಸ್ ಕೈಗೆ ಕೊಟ್ಟರು. ಅಣ್ಣನ ಮನೆ ಬಾಗಿಲು ತಟ್ಟಿದವರನ್ನು ತಂಗಿಯ ಮನೆಗೆ ಕಳಿಸಿದ ಹಾಗಾಯಿತು. ಬ್ರಿಟನ್ನಿನ ಸ್ಕೌಟ್ಸ್ ತನ್ನ ಎಲ್ಲ ವಿಭಾಗಗಳ ಬಾಗಿಲನ್ನೂ ಹುಡುಗಿಯರಿಗೆ ತೆರೆದದ್ದು 1991ರಲ್ಲಿ.

ಅದೇ 1909ರಲ್ಲಿ ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಬೇಕರ್ ಭಾರತದ ಮೊದಲ ಟ್ರೂಪ್ ಶುರು ಮಾಡಿದರು. ಯಾರಿಗೆ? ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ. ನಮ್ಮ ಹುಡುಗರಿಗೆ ಪ್ರವೇಶ ಇರಲಿಲ್ಲ. ಕೊನೆಗೆ ಆ್ಯನಿ ಬೆಸೆಂಟ್ ಮದರಾಸಿನಲ್ಲಿ ಭಾರತೀಯ ಹುಡುಗರಿಗಾಗಿಯೇ ಸಂಘ ಕಟ್ಟಬೇಕಾಯಿತು. "ಅವರ ಜಾಗ ಅವರಿಗಿರಲಿ, ನಿಮ್ಮದು ನೀವು ಮಾಡಿಕೊಳ್ಳಿ" ಅನ್ನುವ ಮಾತು ನಮ್ಮ ಅಜ್ಜಂದಿರ ಕಾಲದವರಿಗೆ ಹೇಗೆ ಕೇಳಿಸಿರಬೇಕು, ಯೋಚನೆ ಮಾಡಿ.

ರಾತ್ರಿ ಕ್ಯಾಂಪಿನ ಭಯ ತಂದೆಗೆ ಸಹಜ. ಆದರೆ ಹುಡುಗರಷ್ಟೇ ಇದ್ದರೆ ಭಯವಿಲ್ಲ ಅಂದುಕೊಳ್ಳಬೇಡಿ. 2020ರಲ್ಲಿ ನಿಮ್ಮ ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ ದಿವಾಳಿ ಅರ್ಜಿ ಹಾಕಿತಲ್ಲ, ಆಗ ಚಿಕ್ಕಂದಿನಲ್ಲಿ ಅಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವು ಎಂದು ಮುಂದೆ ಬಂದವರು 82,000ಕ್ಕೂ ಜಾಸ್ತಿ. ಹೆಚ್ಚಿನವರು ಹುಡುಗರಾಗಿ ಹೋದವರು. ಮಕ್ಕಳನ್ನು ಕಾಯಬೇಕಾದದ್ದು ದೊಡ್ಡವರು, ಅದರ ನಿಯಮ ಏನಿದೆ ಅಂತ ಟ್ರೂಪಿನವರನ್ನೇ ಕೇಳಿ. ಮಗಳಿಗಾಗಿ ಕೇಳುವ ಈ ಪ್ರಶ್ನೆಯನ್ನು ಮಗನಿಗಾಗಿ ಕೇಳಿದ್ದಿರಾ?

ಮಗನ ವಿಷಯಕ್ಕೆ ಬಂದೆ, ಇದನ್ನೂ ಹೇಳಿಬಿಡುತ್ತೇನೆ. 18 ತುಂಬಿತು, ಈಗಲ್ ಆಯಿತು ಅಂತ ಅವನನ್ನು ಬಿಡಿಸಬೇಡಿ. ನಿಮ್ಮಲ್ಲಿ 1998ರಿಂದ ಸ್ಕೌಟ್ಸ್‌ನಲ್ಲೇ ವೆಂಚರಿಂಗ್ ಅನ್ನುವ ದೊಡ್ಡ ಮಕ್ಕಳ ವಿಭಾಗ ಇದೆ. 14ರಿಂದ 20ರವರು, ಹುಡುಗ ಹುಡುಗಿ ಇಬ್ಬರೂ ಒಟ್ಟಿಗೆ. ಅದಕ್ಕೂ ಮೊದಲು, 1971ರಷ್ಟು ಹಿಂದೆಯೇ, ದೊಡ್ಡ ಮಕ್ಕಳದೇ ವಿಭಾಗವಾದ ಎಕ್ಸ್‌ಪ್ಲೋರಿಂಗ್‌ನಲ್ಲಿ ಹುಡುಗಿಯರಿಗೆ ಪೂರ್ತಿ ಸದಸ್ಯತ್ವ ಕೊಟ್ಟಿದ್ದರು. ದೊಡ್ಡ ಮಕ್ಕಳನ್ನು ನಂಬಿ ಬಾಗಿಲು ತೆರೆದವರಿಗೆ ಚಿಕ್ಕವರಿಗೆ ತೆರೆಯಲು ಸುಮಾರು 50 ವರ್ಷ ಬೇಕಾಯಿತು!

ನಮ್ಮಲ್ಲಿ ಇದರ ಉಲ್ಟಾ. ಚಿಕ್ಕವರನ್ನು ಗಣರಾಜ್ಯೋತ್ಸವದ ಪರೇಡಿಗೆ ನಿಲ್ಲಿಸುತ್ತೇವೆ, ದೊಡ್ಡವರನ್ನು ಟ್ಯೂಷನ್ನಿಗೆ ತಳ್ಳುತ್ತೇವೆ. ರೋವರ್ಸ್, ರೇಂಜರ್ಸ್ ಅಂತ 25 ವರ್ಷದವರೆಗೂ ಅವಕಾಶ ಇದೆ. ಆದರೆ ಎಸ್ಸೆಸ್ಸೆಲ್ಸಿ ಬಂತೆಂದರೆ ಸ್ಕಾರ್ಫ್ ಟ್ರಂಕ್ ಸೇರುತ್ತದೆ. ಪ್ರಥಮ ಚಿಕಿತ್ಸೆ ಕೈಗೆ ಕೂರುವ ವಯಸ್ಸಲ್ಲವಾ ಅದು? ನೆರೆ ಬಂದಾಗ ಹಗ್ಗ ಹಿಡಿದು ನೀರಿನ ಅಂಚಿಗೆ ನಿಲ್ಲಬಲ್ಲವರು ಅವರೇ ಅಲ್ವಾ? ಅವರು ಆ ಹೊತ್ತಿಗೆ ಸಿಇಟಿ ಕೋಚಿಂಗಿನಲ್ಲಿರುತ್ತಾರೆ. ಸ್ಕೌಟ್ಸ್ ಅಂದರೆ ಗ್ರೇಸ್ ಮಾರ್ಕ್ಸ್ ಸಿಗುತ್ತಾ ಅಂತ ಕೇಳುವ ತಂದೆತಾಯಿಯೇ ಜಾಸ್ತಿ.

ನೀವು ಅಂಥವರಲ್ಲ. ಅಷ್ಟು ದೂರದಿಂದ ಕೂತು ಎರಡು ಪುಟ ಕನ್ನಡದಲ್ಲಿ ಬರೆದಿದ್ದೀರಿ. ಮಗಳ ಮೇಲೆ ಕಾಳಜಿ ಇಲ್ಲದವರು ಇಷ್ಟು ಬರೆಯುವುದಿಲ್ಲ. ಅವಳ ಹೆಸರು ಬರೆಸಿ. ಮೊದಲ ಕ್ಯಾಂಪ್ ಮುಗಿಸಿ ಬಂದ ಮೇಲೆ ಅವಳ ಕೈಯಲ್ಲೇ ನಮಗೆ ಒಂದು ಪುಟ ಬರೆಸಿ ಕಳಿಸಿ. ಕನ್ನಡದಲ್ಲಿ ತಪ್ಪಿದ್ದರೂ ಪರವಾಗಿಲ್ಲ, ತಿದ್ದಿ ಹಾಕುತ್ತೇವೆ. ಅವಳ ಪೆಟ್ರೋಲಿನ ಹೆಸರೇನು ಅನ್ನುವುದನ್ನು ಬರೆಯಲು ಮರೆಯದಿರಲಿ.

- ಸಂಪಾದಕಿ