ಕೌದಿಯ ಬಟ್ಟೆ ಹಳೆಯದಿರಲಿ, ಸೂಜಿ ಹೊಸದಿರಲಿ

ಪ್ರಶ್ನೆ: ನಮ್ಮ ಅವ್ವ ಕೌದಿ ಹೊಲಿಯುತ್ತಾಳೆ. ಮನೆಗಷ್ಟೇ ಅಲ್ಲ, ಓಣಿಯವರಿಗೂ ಕೂಲಿಗೆ ಹೊಲಿದು ಕೊಡುತ್ತಾಳೆ. ಸೂಜಿ ಬಾಗಿದೆ, ಬೆರಳಿಗೆ ಹಾಕುವ ಟೊಪ್ಪಿಗೆ, ಅಂದರೆ ಅಂಗುಸ್ತಾನ ತೂತಾಗಿದೆ, ಕತ್ತರಿ ಬಟ್ಟೆ ಕಚ್ಚುತ್ತದೆ. ಎಲ್ಲ ಹೊಸದು ತಂದುಕೊಟ್ಟೆ, ಟ್ರಂಕಿನಲ್ಲಿ ಇಟ್ಟುಬಿಟ್ಟಳು. ‘ಇದು ಕೈಗೆ ಹೊಂದೈತಿ, ಇನ್ನೂ ನಡೀತೈತಿ ಬಿಡು’ ಅನ್ನುತ್ತಾಳೆ. ಹೇಗೆ ಒಪ್ಪಿಸಲಿ?
– ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಇದನ್ನು ಜಿಪುಣತನ ಅಂದುಕೊಳ್ಳಬೇಡಿ. ಹರಿದ ಸೀರೆ, ಧೋತರ, ಖಣದ ತುಂಡುಗಳನ್ನೇ ಕೂಡಿಸಿ ಹಾಸಿಗೆ ಮಾಡುವವರಿಗೆ ಏನನ್ನೂ ಎಸೆಯಲು ಮನಸ್ಸು ಬರುವುದಿಲ್ಲ. ಕೈಗೆ ಹೊಂದಿದೆ ಅನ್ನುವ ಮಾತೂ ಸುಳ್ಳಲ್ಲ. ಹಾಗಾಗಿ ಎಲ್ಲವನ್ನೂ ಒಮ್ಮೆಲೇ ಬದಲಿಸಲು ಹೋಗಬೇಡಿ. ಮೊದಲು ಸೂಜಿ ಬದಲಾಗಲಿ.

ಕಾರಣ ಇದೆ. ಎಷ್ಟೋ ವರ್ಷ ಒಗೆದ ಇಳಕಲ್ ಸೀರೆಯ ಎಳೆಗಳಲ್ಲಿ ಕಸುವು ಇರುವುದಿಲ್ಲ. ಚೂಪಾದ ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ಮೊಂಡಾದ ಸೂಜಿ ಎಳೆಯನ್ನೇ ಕಡಿದುಹಾಕುತ್ತದೆ. ಮುಂದೆ ಕೌದಿ ಹೊಲಿಗೆಯ ಗುಂಟವೇ ಹರಿಯುತ್ತದೆ. ‘ಸೀರೆ ಜೀರ್ಣವಾಗಿತ್ತು’ ಅಂತ ನಾವು ಸುಮ್ನೆ ಸೀರೆಯನ್ನು ದೂರುತ್ತೇವೆ. ಹೊಸ ಬಟ್ಟೆ ಮೊಂಡು ಸೂಜಿಯನ್ನು ಒಂದಷ್ಟು ತಡೆದುಕೊಂಡೀತು, ಹಳೆ ಬಟ್ಟೆ ತಡೆಯುವುದಿಲ್ಲ.

ಇದನ್ನು ಬಾಯಲ್ಲಿ ಹೇಳಬೇಡಿ, ತೋರಿಸಿ. ಅದೇ ಹಳೆ ಸೀರೆಯ ಒಂದು ತುಂಡು ತೆಗೆದುಕೊಳ್ಳಿ. ಗೇಣುದ್ದ ಹಳೆ ಸೂಜಿಯಲ್ಲಿ, ಪಕ್ಕದಲ್ಲೇ ಗೇಣುದ್ದ ಅಷ್ಟೇ ದಪ್ಪದ ಹೊಸ ಸೂಜಿಯಲ್ಲಿ ಅವರ ಕೈಯಿಂದಲೇ ಹೊಲಿಸಿ. ಆಮೇಲೆ ದಾರ ಬಿಚ್ಚಿ, ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹೊಸ ಸೂಜಿಯ ತೂತುಗಳು ಉಗುರಿನಿಂದ ಉಜ್ಜಿದರೆ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವೆ. ಹಳೆಯದರ ತೂತುಗಳು ಬಾಯಿ ತೆರೆದೇ ಇರುತ್ತವೆ, ಸುತ್ತ ತುಂಡಾದ ಎಳೆಯ ತುದಿಗಳು ಕಾಣುತ್ತವೆ. ಕೌದಿ ಹೊಲಿಯುವವರ ಕಣ್ಣಿಗೆ ಇಷ್ಟು ಸಾಕು.

ಸೂಜಿಯ ಕಣ್ಣನ್ನೂ ನೋಡಿ. ಅದರ ಒಳಬದಿ ಒರಟಾಗಿದ್ದರೆ ದಾರ ಜುಂಗುಜುಂಗಾಗುತ್ತದೆ. ಮೇಲಿನ ಹೊಳಪು ಹೋಗಿ ಕಪ್ಪಾದ ಸೂಜಿ ತುಕ್ಕು ಹಿಡಿದು ಬಟ್ಟೆಗೆ ಕಲೆ ಬಿಡುತ್ತದೆ. ಅಂದಹಾಗೆ, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಡುವ ರೂಢಿ ನಮ್ಮಲ್ಲಿ ಜಾಸ್ತಿ. ಅದರಿಂದ ಒಳಗಿನ ದಾರ ಅಲ್ಲಲ್ಲಿ ಗಾಯಗೊಳ್ಳುತ್ತದೆ.

ದಾರವನ್ನು ಮೊಳದುದ್ದ ತೆಗೆದು ಒಮ್ಮೆ ಜಗ್ಗಿ ನೋಡಿ. ಒಳ್ಳೆ ದಾರ ಎದುರು ಜಗ್ಗುತ್ತದೆ, ಕಡಿಯುವಾಗ ಟಪ್ಪೆನ್ನುತ್ತದೆ. ಬಿಸಿಲು, ತೇವ ತಿಂದ ಹಳೆ ನೂಲು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ನೀರು ಕುಡಿದ ಕೌದಿಯನ್ನು ಇಬ್ಬರು ಹಿಡಿದು ಎತ್ತಬೇಕು, ಅಲ್ವಾ? ಆ ಭಾರದಲ್ಲಿ ಪದರುಗಳನ್ನು ಹಿಡಿದಿಡುವುದು ದಾರವೇ. ಎಷ್ಟೇ ಉಳಿದಿದ್ದರೂ ಅಂಥ ದಾರ ಕೌದಿಗೆ ಬೇಡ. ಮೂಟೆ ಕಟ್ಟಲು ಇಟ್ಟುಕೊಳ್ಳಲಿ.

ಕತ್ತರಿಯ ವಿಷಯದಲ್ಲಿ ನಾನು ನಿಮ್ಮ ಅವ್ವನ ಕಡೆ. ಹಳೆ ಕತ್ತರಿಯ ಉಕ್ಕು ಗಟ್ಟಿ ಇದ್ದರೆ ಸಾಣೆ ಹಿಡಿಸಿ, ಸಡಿಲಾದ ತಿರುಪು ಬಿಗಿ ಮಾಡಿಸಿ. ಇನ್ನೂ ವರ್ಷಗಟ್ಟಲೆ ಬರುತ್ತದೆ. ಆದರೆ ಅದರಲ್ಲಿ ಹಾಲಿನ ಪಾಕೀಟು, ಕಾಗದ ಕತ್ತರಿಸಬೇಡಿ. ಅದಕ್ಕೆ ನೀವು ತಂದ ಹೊಸ ಕತ್ತರಿ ಬಳಸಿ.

ತೂತಾದ ಅಂಗುಸ್ತಾನ ಮಾತ್ರ ಬೇಡವೇ ಬೇಡ. ನಾಲ್ಕೈದು ಪದರು ದಾಟಿಸಲು ಜೋರಾಗಿ ಒತ್ತುವಾಗ ಸೂಜಿಯ ಹಿಂದಿನ ತುದಿ ನೇರ ಬೆರಳಿಗೇ ಹೊಗುತ್ತದೆ. ನೀವು ತಂದದ್ದು ಸಡಿಲವೋ ಬಿಗಿಯೋ ಆಗಿರಬಹುದು. ಹಳೆಯದನ್ನು ಜೊತೆಗೆ ಒಯ್ದು, ಬೆಳಗಾವಿಯ ಖಡೇಬಜಾರದ ಕಡೆ ಬಂದಾಗ ಅದೇ ಅಳತೆಯದು ಕೇಳಿ. ಅವ್ವನನ್ನೇ ಕರೆತಂದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಶನಿವಾರ ಕಬ್ಬಿಣ ತರಬಾರದು ಅನ್ನುವ ಮನೆಯಾದರೆ ಬೇರೆ ದಿನ ತನ್ನಿ. ಸೂಜಿಯ ಖರ್ಚು ಅವರ ಕೂಲಿಯಲ್ಲಿ ಹೋಗುತ್ತಿದೆಯೇ ಎಂದೂ ಕೇಳಿ. ಕೂಲಿ ಮೊದಲೇ ಕಡಿಮೆ. ‘ನಡೀತೈತಿ ಬಿಡು’ ಅನ್ನುವ ಮಾತಿನ ಹಿಂದೆ ಈ ಲೆಕ್ಕವೂ ಇರಬಹುದು. ಬಟ್ಟೆ ತಂದುಕೊಡುವ ಮನೆಯವರೇ ಒಂದು ಸೂಜಿ ಪಾಕೀಟು, ದಾರ ಕೂಡ ತಂದುಕೊಡಬೇಕು. ಅವ್ವನಿಗೆ ಕೇಳಲು ಸಂಕೋಚವಾದರೆ ನೀವು ಹೇಳಿ.

ಪ್ರಶ್ನೆ: ನಾನು ಕಾಲುಮಷಿನ್‌ನಲ್ಲಿ ಕೌದಿ ಹೊಲಿಯುತ್ತೇನೆ. ಸೂಜಿ ಮುರಿದಾಗಷ್ಟೇ ಬದಲಿಸುತ್ತೇನೆ. ಸರಿಯೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಮುರಿಯುವವರೆಗೆ ಕಾಯಬೇಡಿ. ಸುಮಾರು 8 ತಾಸು ಹೊಲಿದ ಮೇಲೆ ಮಷಿನ್ ಸೂಜಿ ಬದಲಿಸಬೇಕು ಅನ್ನುವುದು ಹೊಲಿಗೆಯವರ ಸಾಮಾನ್ಯ ಲೆಕ್ಕ. ದಪ್ಪ ಪದರಿಗೆ ಅದಕ್ಕೂ ಬೇಗ. ಹೊಲಿಗೆ ಹಾರುತ್ತಿದ್ದರೆ, ಸೂಜಿ ಇಳಿಯುವಾಗ ಟಕ್ ಟಕ್ ಎಂದು ಬಟ್ಟೆಗೆ ಗುದ್ದುವ ಸದ್ದು ಬಂದರೆ ತಾಸು ಎಣಿಸುತ್ತಾ ಕೂರಬೇಡಿ. ಕೌದಿಗೆ 16 ಅಥವಾ 18ನೇ ನಂಬರ್ ಕೇಳಿ. ಮಷಿನ್ ಸೂಜಿಯಲ್ಲಿ ನಂಬರ್ ಏರಿದಷ್ಟೂ ದಪ್ಪ, ಕೈಸೂಜಿಯಲ್ಲಿ ಇದು ತಿರುಗುಮುರುಗು. ಹಳೆ ಸೂಜಿ ಬಿಚ್ಚುವ ಮೊದಲು ಅದರ ಚಪ್ಪಟೆ ಬದಿ ಯಾವ ಕಡೆ ಇದೆ ನೋಡಿಕೊಂಡು, ಹೊಸದನ್ನೂ ಹಾಗೆಯೇ ಪೂರ್ತಿ ಮೇಲಕ್ಕೆ ಒತ್ತಿ ತಿರುಪು ಬಿಗಿ ಮಾಡಿ.