‘ನಾಲೆಜಬಲ್’ ಪದಕ್ಕೆ ಒಂದೇ ಚೀನೀ ಅರ್ಥ ಬರೆದು ಕೊಡಬೇಡಿ

ಸರ್, ತೈವಾನ್‌ನ ತೈಪೆಯಲ್ಲಿ ಇಂಗ್ಲಿಷ್ ಕಲಿಯುವ ನಿಮ್ಮ ವಿದ್ಯಾರ್ಥಿಗಳಿಗಾಗಿ ಹಾಕಿರುವ ಪದ-ಕಾರ್ಡ್ ನೋಡಿದೆ. ಮುಂದೆ ‘ನಾಲೆಜಬಲ್’ (ಚೆನ್ನಾಗಿ ಬಲ್ಲವನು), ಹಿಂದೆ ಚೀನೀ ಪದ ‘ಯುವೆನ್‌ಪೋ’, ಅಷ್ಟೇ. ದಯವಿಟ್ಟು ಹಂಚಬೇಡಿ. ಇಂಥ ಕಾರ್ಡ್ ಮಾಡುವ ಕೆಡುಕನ್ನು ನನ್ನ ತರಗತಿಯಲ್ಲೇ ಕಂಡಿದ್ದೇನೆ.

ಯುವೆನ್‌ಪೋ ಎಂದರೆ ಆಳವೂ ಅಗಲವೂ ಉಳ್ಳದ್ದು. ಚೀನೀ ಭಾಷಿಕರು ಅದನ್ನು ವ್ಯಕ್ತಿಯ ವಿದ್ಯೆಗೆ ಹಚ್ಚಿ ‘ಅವರ ಜ್ಞಾನ ಬಹಳ ಯುವೆನ್‌ಪೋ’ ಎನ್ನುತ್ತಾರೆ. ಕಾರ್ಡ್ ನಂಬಿದ ಹುಡುಗ ‘ಹಿಸ್ ನಾಲೆಜ್ ಈಸ್ ವೆರಿ ನಾಲೆಜಬಲ್’ ಎಂದು ಬರೆದ. ಕಾಗುಣಿತ ಸರಿ, ಪದಗಳ ಕ್ರಮ ಸರಿ. ಇಂಗ್ಲಿಷಿನಲ್ಲಿ ನಾಲೆಜಬಲ್ ಆಗುವುದು ವ್ಯಕ್ತಿ, ಅವನ ಜ್ಞಾನವಲ್ಲ. ತಪ್ಪು ಅಲ್ಲಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಹೊಸಬರಾದರೆ ‘ಈಸ್’ ಕೂಡ ಬಿಡುತ್ತಾರೆ, ಏಕೆಂದರೆ ಚೀನಿಯಲ್ಲಿ ಗುಣವಾಚಕದ ಮುಂದೆ ‘ಹೆನ್’ (ಬಹಳ) ಇಟ್ಟರೆ ವಾಕ್ಯ ಮುಗಿಯಿತು. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಯುವೆನ್‌ಪೋ ವಿದ್ವಾಂಸರಿಗೆ ಒಪ್ಪುವ ಮಾತು. ಇಂಗ್ಲಿಷಿನಲ್ಲಾದರೋ ಚಹಾ ಅಂಗಡಿಯವನು, ಸೈಕಲ್ ರಿಪೇರಿಯವನು ಕೂಡ ನಾಲೆಜಬಲ್. ಕಾರ್ಡ್ ಓದಿದವರು ಅವರಿಗೆ ಆ ಪದ ಬಳಸಲು ಹೆದರುತ್ತಾರೆ.

ನಾನು ಚೀನೀ ಅರ್ಥವನ್ನು ಮೊದಲ ದಿನ ಕೊಡುವುದೇ ಇಲ್ಲ. ಒಬ್ಬ ವ್ಯಕ್ತಿ, ‘ನಾಲೆಜಬಲ್ ಅಬೌಟ್’, ಒಂದು ವಿಷಯ: ಇಷ್ಟನ್ನೇ ತುಂಬಿಸುತ್ತೇನೆ. ಊಲಾಂಗ್ ಚಹಾ ಬಲ್ಲ ಅತ್ತೆ, ಬೇಸ್‌ಬಾಲ್ ಬಲ್ಲ ಮಾವ, ಯಾರಾದರೂ ಸರಿ. ಗುರುಗಳ ಬಗ್ಗೆ ಮಾತ್ರ ಬರೆಯಕೂಡದು. ‘ಮೈ ಟೀಚರ್ ಈಸ್ ವೆರಿ ನಾಲೆಜಬಲ್’ ಎಂಬುದನ್ನು ಎಲ್ಲರೂ ಉರು ಹೊಡೆದೇ ಬಂದಿರುತ್ತಾರೆ. ‘ಆಫ್’ ಹಾಕಿದರೆ ತಿದ್ದಿ. ಹಾಗೆಂದು ‘ಅಬೌಟ್’ ಕಡ್ಡಾಯ ಎಂದೂ ಹೇಳಬೇಡಿ, ‘ನಾಲೆಜಬಲ್ ಸ್ಟಾಫ್’ ಸರಿಯೇ.

‘ವೆಲ್ ಇನ್‌ಫಾರ್ಮ್ಡ್’ ಪದವನ್ನು ಅದೇ ಪಾಠಕ್ಕೆ ತುರುಕಬೇಡಿ. ಅದಕ್ಕೆ ನಿಘಂಟು ಕೊಡುವ ‘ಶಿಯಾವ್‌ಶಿ ಲಿಂಗ್‌ಥುಂಗ್’ ಸುದ್ದಿ ಬೇಗ ಮುಟ್ಟುವವನಿಗೆ ಹೇಳುವ ಮಾತು. ಪತ್ರಿಕೆಯ ‘ಬಲ್ಲ ಮೂಲಗಳು’ ಎಂಬರ್ಥಕ್ಕೆ ಚೆನ್ನಾಗಿ ಹೊಂದುತ್ತದೆ, ಹತ್ತು ಕಡೆ ಓದಿ ತಿಳಿದ ಮತದಾರನಿಗೆ ಹೊಂದುವುದಿಲ್ಲ. ‘ವೆಲ್ ನೋನ್’ ಜೊತೆ ಬೆರೆಸುವವರೂ ಇದ್ದಾರೆ. ಅದು ಹೆಸರಾದವನು, ಇದು ತಿಳಿದವನು.

ಉಚ್ಚಾರದಲ್ಲಿ ‘ನೋ’ ಎಂದು ಆರಂಭಿಸಲು ಬಿಡಬೇಡಿ, ‘ನಾ’ ಬರಲಿ. ಕೊನೆಯ ‘ಬಲ್’ ಹಲವರ ಬಾಯಲ್ಲಿ ‘ಬೋ’ ಆಗುತ್ತದೆ. ಅದನ್ನು ಆಮೇಲೆ ತಿದ್ದಬಹುದು.

ಒಂದು ಸಾಲಿನ ಅರ್ಥ ಕೊಡುವ ಮೊಬೈಲ್ ಆ್ಯಪ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ. ಪ್ಲೆಕೊ ಎಂಬ ಚೀನೀ ನಿಘಂಟು ಆ್ಯಪ್ ಒಳ್ಳೆಯದು, ಆದರೆ ಅದು ಚೀನೀ ಕಲಿಯುವ ನಮಗಾಗಿ ಇರುವುದು. ನಿಮ್ಮ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವಿವರಣೆಯನ್ನೂ ಚೀನೀ ಅರ್ಥವನ್ನೂ ಒಟ್ಟಿಗೆ ಕೊಡುವ ಆಕ್ಸ್‌ಫರ್ಡ್ ದ್ವಿಭಾಷಾ ನಿಘಂಟನ್ನೇ ಹೇಳಿ.

ಮತ್ತೊಂದು, ಕಾರ್ಡ್‌ನಲ್ಲಿ ‘ಯುವೆನ್’ ಅಕ್ಷರವನ್ನು ಸರಳೀಕೃತ ಲಿಪಿಯಲ್ಲಿ ಬರೆದಿದ್ದೀರಿ. ಅದು ಚೀನಾ, ಸಿಂಗಪುರ, ಮಲೇಷ್ಯಾದವರಿಗೆ ಸರಿ. ತೈವಾನ್ ಮತ್ತು ಹಾಂಗ್‌ಕಾಂಗ್‌ನಲ್ಲಿ ಸಾಂಪ್ರದಾಯಿಕ ಲಿಪಿ ಬೇಕು. ಅಲ್ಲಿ ಆ ಅಕ್ಷರದ ರೂಪವೇ ಬೇರೆ. ಮುದ್ರಣಕ್ಕೆ ಕೊಟ್ಟಿದ್ದರೆ ಇಂದೇ ತಡೆಯಿರಿ.