ಮೈ ಹಗುರಾದ ದಿನವೇ ಜೋಪಾನ

ಹರಿಹರದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ದಿನಾ ಬಸ್ಸು ಹಿಡಿದು ದಾವಣಗೆರೆಯ ಜವಳಿ ಅಂಗಡಿಗೆ ಬರುತ್ತಾರೆ, ಸೀರೆ ವಿಭಾಗದಲ್ಲಿ ಕೆಲಸ. ಎರಡು ವರ್ಷ ಅಲೆದ ಮೇಲೆ ಡಾಕ್ಟರು ಫೈಬ್ರೊಮಯಾಲ್ಜಿಯ, ಅಂದರೆ ಮೈಯೆಲ್ಲ ಬಿಡದೆ ನೋಯುವ ಕಾಯಿಲೆ, ಅಂದರಂತೆ. ‘ರಿಪೋರ್ಟೆಲ್ಲ ನಾರ್ಮಲ್. ಮನೆಯಲ್ಲಿ ಮೈಕೈ ನೋವು ಯಾರಿಗಿಲ್ಲ ಅಂತಾರೆ, ಅಂಗಡಿಯಲ್ಲಿ ನೆಪ ಅಂತಾರೆ. ಮಾಲೀಕರಿಗೆ ಹೇಳಲಾ, ಕೆಲಸವೇ ಬಿಡಲಾ?’ ಎಂದು ಕೇಳಿದ್ದಾರೆ.

ತಂಗೀ, ಕೆಲಸ ಬಿಡುವ ಮಾತು ಸದ್ಯ ಬೇಡ.

ರಿಪೋರ್ಟಿನ ವಿಷಯ ಮೊದಲು. ಈ ಕಾಯಿಲೆ ಎಕ್ಸ್‌ರೇಯಲ್ಲಿ, ರಕ್ತ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಆ ಪರೀಕ್ಷೆಗಳು. ಕೀಲು, ಮೂಳೆ ನೆಟ್ಟಗೇ ಇರುತ್ತವೆ. ನರ ಮತ್ತು ಮಿದುಳು ಸಣ್ಣ ನೋವನ್ನೂ ದೊಡ್ಡದು ಮಾಡಿ ಮುಟ್ಟಿಸುತ್ತವೆ. ನೋವು ಮಾತ್ರ ನಿಜ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, ಮೂರು ತಿಂಗಳು ಮೀರಿ ಕಾಡುವ ಇಂಥ ನೋವಿಗೆ ಅದರದ್ದೇ ಜಾಗವಿದೆ. ಇದನ್ನು ಓದಿ ಹೇಳಿದರೆ ನಿಮ್ಮ ಮನೆಯವರು ಒಪ್ಪುತ್ತಾರೆ ಅನ್ನುವ ಭ್ರಮೆ ನನಗಿಲ್ಲ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಬೇರೆ: ‘ಹೋದ ಸೋಮವಾರ ಮೈ ಹಗುರಾಗಿತ್ತು. ಮೇಲಿನ ರ‍್ಯಾಕೆಲ್ಲ ಇಳಿಸಿ, ಒರೆಸಿ, ಜೋಡಿಸಿದೆ. ಮಂಗಳವಾರ, ಬುಧವಾರ ಏಳಲಾಗಲಿಲ್ಲ.’ ನನ್ನದೂ ಇದೇ ಕತೆ. ಹನ್ನೊಂದು ವರ್ಷದ ಸೊಂಟನೋವು. ಒಂದು ಒಳ್ಳೆ ದಿನ ಸಿಕ್ಕರೆ ವಿಶೇಷಾಂಕದ ಪ್ರೂಫೆಲ್ಲ ಅವತ್ತೇ ಮುಗಿಸಿ, ಆಮೇಲೆ ಮೂರು ದಿನ ಗೋಡೆ ಹಿಡಿದು ಓಡಾಡುತ್ತಿದ್ದೆ.

ನೋವು ಬಂದ ಮೇಲೆ ನಿಲ್ಲಿಸಿದರೆ ತಡವಾಯಿತು ಅಂತಲೇ ಲೆಕ್ಕ. ಗಿರಾಕಿಗಳು ನಲವತ್ತು ಸೀರೆ ಬಿಚ್ಚಿಸಿ ‘ಇನ್ನೊಮ್ಮೆ ಬರ್ತೀವಿ’ ಅಂತ ಎದ್ದು ಹೋಗುತ್ತಾರೆ, ಅಲ್ವಾ? ಆ ರಾಶಿಯನ್ನು ಒಂದೇ ಉಸಿರಿಗೆ ಮಡಚಬೇಡಿ. ಹತ್ತು ಸೀರೆ ಆಯಿತು, ಗಾದಿಯಿಂದ ಏಳಿ. ಬಿಲ್ ಕೌಂಟರ್‌ತನಕ ನಡೆದು, ನೀರು ಕುಡಿದು ಬನ್ನಿ. ಏನೂ ನೋಯುತ್ತಿಲ್ಲದ ದಿನವೂ ಹತ್ತು ಸೀರೆಗೇ ಏಳಬೇಕು, ಕಷ್ಟ ಇರೋದೇ ಅಲ್ಲಿ. ಹಾಗಂತ ನೋವಿನ ದಿನ ಪೂರ್ತಿ ಮಲಗಿಬಿಡಬೇಡಿ. ಈ ಕಾಯಿಲೆಗೆ ಡಾಕ್ಟರುಗಳು ಎಲ್ಲಕ್ಕಿಂತ ಒತ್ತಿ ಹೇಳುವುದು ವ್ಯಾಯಾಮವನ್ನೇ. ಐದು ನಿಮಿಷದ ನಡಿಗೆಯಿಂದ ಶುರು ಮಾಡಿ, ನಿಧಾನಕ್ಕೆ ಜಾಸ್ತಿ ಮಾಡಿ.

ಇನ್ನು ಮಾಲೀಕರು. ಕಾಯಿಲೆಯ ಹೆಸರಿನಿಂದ ಮಾತು ತೆಗೆಯಬೇಡಿ, ಅದು ನನಗೇ ಬಾಯಿ ತಿರುಗುವುದಿಲ್ಲ. ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಹೋಗಿ, ‘ಒಂದು ಸ್ಟೂಲ್ ಬೇಕು, ಮೇಲಿನ ರ‍್ಯಾಕಿಗೆ ಹುಡುಗರು ಹತ್ತಲಿ, ಗಿರಾಕಿಗಳನ್ನು ನಾನು ನೋಡಿಕೊಳ್ತೀನಿ’ ಅನ್ನಿ. ದೀಪಾವಳಿ ಗದ್ದಲದಲ್ಲಂತೂ ಬಾಯಿ ಬಿಡಬೇಡಿ. ಸ್ಟೂಲ್ ಕೇಳೋದು ಅತಿಯಾಯಿತು ಅನ್ನಿಸಿದರೆ ಇದು ಗೊತ್ತಿರಲಿ: ಅಂಗಡಿ ಕೆಲಸದವರು ಕೂರುವುದನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಹಕ್ಕು ಎಂದೇ ಕಾನೂನಿಗೆ ಸೇರಿಸಿವೆ.

ಸಂಬಳದ ಚೀಟಿಯನ್ನೂ ಒಮ್ಮೆ ನೋಡಿ. ಹತ್ತಕ್ಕಿಂತ ಜಾಸ್ತಿ ಜನ ಇದ್ದೇವೆ, ಸಂಬಳ ಹದಿನಾಲ್ಕು ಸಾವಿರ ಎಂದಿದ್ದೀರಿ. ಹಾಗಿದ್ದರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಅಂತ ಸಂಬಳದಲ್ಲಿ ಶೇ. 0.75 ಕಡಿತವಾಗುತ್ತಿರಬೇಕು, ಮಾಲೀಕರು ಶೇ. 3.25 ಕಟ್ಟಬೇಕು. ಕಟ್ಟಿದ್ದರೆ, ಇಎಸ್‌ಐ ಡಾಕ್ಟರು ರಜೆ ಬರೆದುಕೊಟ್ಟ ದಿನಗಳಿಗೆ ಸಂಬಳದ ಶೇ. 70 ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಚೀಟಿಯಲ್ಲಿ ಆ ಸಾಲೇ ಇಲ್ಲದಿದ್ದರೆ ಲೆಕ್ಕ ಬರೆಯುವವರನ್ನು ಸುಮ್ನೆ ಒಂದು ಮಾತು ಕೇಳಿ.

ಅಂದಹಾಗೆ, ಮೂರು ಪುಟದ ಪತ್ರದಲ್ಲಿ ನಿದ್ದೆಯ ಬಗ್ಗೆ ಒಂದು ಮಾತೂ ಇಲ್ಲ. ಈ ಕಾಯಿಲೆಯವರಿಗೆ ರಾತ್ರಿಯೆಲ್ಲ ಮಲಗಿದರೂ ಬೆಳಿಗ್ಗೆ ಸುಸ್ತು ಇರುತ್ತದೆ. ನಿದ್ದೆ ಕೆಟ್ಟಷ್ಟೂ ನೋವು ಜಾಸ್ತಿ. ಡಾಕ್ಟರಿಗಾದರೂ ಹೇಳಿದ್ದೀರಾ?